ಕುಂಬಾರರ ಚರ್ಚು, ತಗಡಿನ ಭಕ್ತಿ

1

ಮನುಷ್ಯರು ಸಾಯುತ್ತಿರುವ ಹೊತ್ತಿನಲ್ಲಿ ಮರದ ಕಟ್ಟಡವೊಂದಕ್ಕಾಗಿ ಮರುಗುವುದು ವಿಲಾಸವಲ್ಲವೇ ಎಂದು ನಮ್ಮ ಸಂಘದ ಹಿರಿಯ ಗೆಳೆಯರೊಬ್ಬರು ನನ್ನನ್ನು ಕೇಳಿದ್ದರು. ಕೀವ್ ಪ್ರಾಂತದ ಜಾವೊರಿಚಿ ಎಂಬ ಗ್ರಾಮದಲ್ಲಿ ಸಂತ ಜಾರ್ಜನ ಹೆಸರಿನ ಚರ್ಚು ಹೊತ್ತಿ ಉರಿಯುತ್ತಿದ್ದ ಚಿತ್ರವನ್ನು ನಾನು ಅವರ ಮುಂದಿಟ್ಟಿದ್ದೆ. 1873ರಲ್ಲಿ ಕಟ್ಟಿದ ಆ ಮರದ ಚರ್ಚು 2022ರ ಮಾರ್ಚಿಯಲ್ಲಿ ರಷ್ಯಾದ ಸೇನೆಯ ಶೆಲ್ ದಾಳಿಗೆ ತುತ್ತಾಯಿತು. ಅದೇ ತಿಂಗಳಲ್ಲಿ ಝಿತೊಮಿರ್ ಪ್ರಾಂತದ ವ್ಯಾಜಿವ್ಕಾ ಗ್ರಾಮದಲ್ಲಿ 1862ರ ಇನ್ನೊಂದು ಮರದ ಚರ್ಚೂ ನಾಶವಾಯಿತು. ನಮ್ಮ ಜಿಲ್ಲೆಗಳಿಂದ ವೈದ್ಯಕೀಯ ಕಲಿಯಲೆಂದು ಹೋಗಿದ್ದ ಮಕ್ಕಳು ಖಾರ್ಕಿವ್‌ನ ನೆಲಮಾಳಿಗೆಗಳಿಂದ ಮನೆಗೆ ಫೋನು ಮಾಡಿ ಅಳುತ್ತಿದ್ದ ದಿನಗಳವು. ನಮಗೆಲ್ಲ ಆಗ ಉಕ್ರೇನ್ ಎಂದರೆ ಆ ಮಕ್ಕಳ ಮುಖವೇ ಆಗಿತ್ತು. ಆದ್ದರಿಂದ ಗೆಳೆಯರ ಪ್ರಶ್ನೆಯನ್ನು ಅನ್ಯಾಯವೆಂದು ನಾನು ತಳ್ಳಿಹಾಕಲಾರೆ.

ಆದರೂ ಆ ಪ್ರಶ್ನೆ ಒಂದು ತಪ್ಪು ಗ್ರಹಿಕೆಯ ಮೇಲೆ ನಿಂತಿದೆಯೆಂದು ನನಗೆ ಅನ್ನಿಸುತ್ತದೆ. ಮನುಷ್ಯ ಬೇರೆ, ಅವನು ಕಟ್ಟಿದ ಗುಡಿ ಬೇರೆ. ಒಂದನ್ನು ಉಳಿಸಿಕೊಂಡ ಮೇಲೆ ಬಿಡುವಾದಾಗ ಇನ್ನೊಂದರ ಮಾತು ಎಂಬುದೇ ಆ ಗ್ರಹಿಕೆ. ಕಲ್ಲಿನ ಕಟ್ಟಡದ ವಿಚಾರದಲ್ಲಿ ಈ ಮಾತು ಅಷ್ಟಿಷ್ಟು ನಡೆದೀತು. ಕಲ್ಲು ಭಕ್ತರಿಲ್ಲದೆಯೂ ಕೆಲವು ಶತಮಾನ ನಿಲ್ಲಬಲ್ಲದು, ಹಂಪಿ ನಿಂತಿಲ್ಲವೇ? ಮರ ಹಾಗಲ್ಲ. ಅದನ್ನು ಪ್ರತಿ ತಲೆಮಾರೂ ಮುಟ್ಟಬೇಕು, ಬಿಚ್ಚಬೇಕು, ಮತ್ತೆ ಹೊಂದಿಸಬೇಕು. ಉಕ್ರೇನಿನ ಹಳ್ಳಿಯ ಮರದ ಚರ್ಚುಗಳನ್ನು ಕುರಿತು ನಾನು ಓದಿದಷ್ಟೂ ನನಗೆ ಸ್ಪಷ್ಟವಾಗುತ್ತ ಬಂದುದು ಇಷ್ಟೇ: ಅವು ಉಳಿದಿರುವುದು ಯಾರೋ ಅವನ್ನು ಕಾದಿಟ್ಟದ್ದರಿಂದಲ್ಲ, ಯಾರೋ ಅವನ್ನು ಬಳಸುತ್ತ, ಬಳಸುತ್ತಲೇ ರಿಪೇರಿ ಮಾಡುತ್ತ ಬಂದದ್ದರಿಂದ. ಹೀಗಾಗಿ ಅವುಗಳ ಅಳಿವು ಉಳಿವಿನ ಪ್ರಶ್ನೆ ಮೂಲತಃ ಅಲ್ಲಿನ ಜನರದೇ ಅಳಿವು ಉಳಿವಿನ ಪ್ರಶ್ನೆ. ಈ ಮಾತನ್ನು ಒಂದು ಹಳ್ಳಿಯ ಒಂದು ಚರ್ಚನ್ನು ಇಟ್ಟುಕೊಂಡು ವಿವರಿಸಲು ಯತ್ನಿಸುತ್ತೇನೆ. ಅದನ್ನು ನಾನು ಕಣ್ಣಾರೆ ಕಂಡವನಲ್ಲ. ನಕ್ಷೆ, ಚಿತ್ರ, ಪುಸ್ತಕಗಳ ಮೂಲಕವೇ ನನಗೆ ಅದರ ಪರಿಚಯವೆಂಬುದನ್ನು ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ.

2

ಪಶ್ಚಿಮ ಉಕ್ರೇನಿನ ಲ್ವಿವ್ ನಗರದ ವಾಯವ್ಯಕ್ಕೆ, ಪೋಲೆಂಡಿನ ಗಡಿಗೆ ಸಮೀಪದಲ್ಲಿ ಪೊತೆಲಿಚ್ ಎಂಬ ಊರಿದೆ. ಇಂದು ಅದೊಂದು ಗ್ರಾಮ. ಆದರೆ 1498ರಲ್ಲಿ ಅದು ಮಗ್ಡೆಬರ್ಗ್ ಶಾಸನದ ಹಕ್ಕನ್ನು, ಎಂದರೆ ತನ್ನ ಆಡಳಿತವನ್ನು ತಾನೇ ನಡೆಸಿಕೊಳ್ಳುವ ಪಟ್ಟಣದ ಹಕ್ಕನ್ನು, ಪಡೆದಿತ್ತು. ಮಣ್ಣಿನ ಪಾತ್ರೆಗಳಿಗೆ ಹೆಸರಾದ ಊರದು. ಅಲ್ಲಿನ ಪವಿತ್ರಾತ್ಮದ ಚರ್ಚನ್ನು 1502ರಲ್ಲಿ ಕಟ್ಟಿದವರು ಕುಂಬಾರರ ಸಮುದಾಯದವರು ಎಂದು ಹೇಳುತ್ತಾರೆ. ಅದಕ್ಕೂ ಮುಂಚೆ ಅದೇ ಜಾಗದಲ್ಲಿ ಬೊರಿಸ್ ಮತ್ತು ಹ್ಲಿಬ್ ಎಂಬ ಸಂತರ ಚರ್ಚು ಇತ್ತೆಂದೂ ತಾತಾರರ ದಾಳಿಯಲ್ಲಿ ಅದು ಸುಟ್ಟುಹೋಯಿತೆಂದೂ ಪ್ರತೀತಿ. ದೊರೆಯೊಬ್ಬನ ಕೀರ್ತಿಗಾಗಿಯಾಗಲಿ ಮಠಾಧಿಪತಿಯೊಬ್ಬನ ಆಜ್ಞೆಯಿಂದಾಗಲಿ ಎದ್ದು ನಿಂತ ಕಟ್ಟಡವಲ್ಲ ಇದು. ಕೈಕೆಸರಿನ ಕಸುಬಿನವರು ತಮಗಾಗಿ ಕಟ್ಟಿಕೊಂಡದ್ದು. ಕುಂಬಾರ ಗುಂಡಯ್ಯನನ್ನು ನೆನೆಯುವ ನಾಡಿನವರಾದ ನಮಗೆ ಈ ಸಂಗತಿಯ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಟ್ಟಡದ ರಚನೆ ಸರಳ. ಪೂರ್ವ ಪಶ್ಚಿಮವಾಗಿ ಒಂದರ ಹಿಂದೊಂದು ನಿಂತ ಮೂರು ಕೋಣೆಗಳು. ಪೂರ್ವದ ಕೋಣೆ ಗರ್ಭಗುಡಿ, ಅಲ್ಲಿ ಪೂಜಾವೇದಿಕೆ. ನಡುವಿನದು ನಮ್ಮ ಗುಡಿಗಳ ನವರಂಗಕ್ಕೆ ಸಮಾನವಾದದ್ದು, ಅಲ್ಲಿ ಸಭೆ. ಪಶ್ಚಿಮದ ಕೋಣೆಗೆ ಅವರ ಭಾಷೆಯಲ್ಲಿ ‘ಬಾಬಿನೆತ್ಸ್’ ಎಂದು ಹೆಸರು. ‘ಬಾಬಾ’ ಎಂದರೆ ಹೆಂಗಸು, ಅಜ್ಜಿ. ಹೆಂಗಸರು ನಿಲ್ಲುವ ಜಾಗವಾದ್ದರಿಂದ ಆ ಹೆಸರು. ದೇವರಿಗೆ ತೀರ ದೂರದಲ್ಲಿ, ಬಾಗಿಲಿಗೆ ತೀರ ಹತ್ತಿರದಲ್ಲಿ ಹೆಂಗಸರನ್ನು ನಿಲ್ಲಿಸುವ ವ್ಯವಸ್ಥೆ ಯಾವುದೋ ಒಂದು ಧರ್ಮದ ಸ್ವತ್ತಲ್ಲವೆಂಬುದು ಇದರಿಂದ ತಿಳಿಯುತ್ತದೆ. ಈ ಚರ್ಚುಗಳನ್ನು ಕೊಂಡಾಡುವ ಭರದಲ್ಲಿ ಈ ಮಾತನ್ನು ಮರೆಯಬಾರದು.

ಪ್ರತಿಯೊಂದು ಕೋಣೆಯೂ ಅಡ್ಡಡ್ಡ ಮಲಗಿಸಿದ ದಿಮ್ಮಿಗಳಿಂದ ಆದ ಒಂದು ಪೆಟ್ಟಿಗೆ. ದಿಮ್ಮಿಯ ತುದಿಗಳಲ್ಲಿ ಕಚ್ಚು ಕೊರೆದು, ಒಂದರ ಕಚ್ಚಿನಲ್ಲಿ ಇನ್ನೊಂದನ್ನು ಕೂರಿಸಿ, ಮೂಲೆಗಳನ್ನು ಬಿಗಿಯುತ್ತಾರೆ. ‘ಒಂದೇ ಒಂದು ಮೊಳೆಯಿಲ್ಲದೆ ಕಟ್ಟಿದ ಗುಡಿ’ ಎಂಬ ಮಾತು ಪ್ರವಾಸಿ ಕೈಪಿಡಿಗಳಿಗೆ ಅಚ್ಚುಮೆಚ್ಚು. ಗೋಡೆಗಳ ಮಟ್ಟಿಗೆ ಆ ಮಾತಿನಲ್ಲಿ ಹುರುಳಿದೆ. ಆದರೆ ಬೆರಗುಪಡಬೇಕಾದದ್ದು ಮೊಳೆಯ ಬಗ್ಗೆ ಅಲ್ಲ, ಅಳತೆಯ ಬಗ್ಗೆ. ಒಂದು ಮರ ಎಷ್ಟು ಉದ್ದ ನೆಟ್ಟಗೆ ಬೆಳೆದೀತೋ ಕೋಣೆಯ ಗೋಡೆ ಹೆಚ್ಚೆಂದರೆ ಅಷ್ಟು ಉದ್ದ ಇರಬಲ್ಲದು. ಕಾಡಿನ ಮರವೇ ಇಲ್ಲಿ ಅಳತೆಗೋಲು. ಆದ್ದರಿಂದಲೇ ಇಂಥ ಚರ್ಚು ಅಗಲದಲ್ಲಿ ಬೆಳೆಯಲಾರದೆ ಎತ್ತರದಲ್ಲಿ ಬೆಳೆಯಿತು. ನಡುಕೋಣೆಯ ಗೋಡೆಗಳು ಮೇಲೇರಿದಂತೆ ಒಂದು ಹಂತದಲ್ಲಿ ಒಳಕ್ಕೆ ವಾಲಿ ಕಿರಿದಾಗುತ್ತವೆ, ನಾಲ್ಕು ಮುಖದ ಗೋಪುರದಂತೆ ಕೂಡಿಕೊಳ್ಳುತ್ತವೆ. ಈ ಎತ್ತರವನ್ನು ಅಟ್ಟ ಹೊಡೆದು ಮುಚ್ಚುವುದಿಲ್ಲ. ಒಳಗೆ ನಿಂತು ತಲೆಯೆತ್ತಿದವನ ಕಣ್ಣು ಕಿರಿದಾಗುತ್ತ ಹೋಗುವ ಆ ಇಕ್ಕಟ್ಟಿನಲ್ಲಿ ಮೇಲೆಮೇಲಕ್ಕೆ ಏರುತ್ತದೆ. ಕಟ್ಟಡ ಇರುವುದಕ್ಕಿಂತ ಎತ್ತರವಾಗಿ ತೋರುತ್ತದೆ.

ಹೊರಗೆ, ಗೋಡೆಗಳ ಅರ್ಧ ಎತ್ತರದಲ್ಲಿ, ಸುತ್ತಲೂ ಲಂಗದ ಅಂಚಿನಂತೆ ಹರಡಿಕೊಂಡ ಇಳಿಮಾಡು ಇದೆ. ಗೋಡೆಯ ಕೆಲವು ದಿಮ್ಮಿಗಳ ತುದಿಯನ್ನೇ ಹೊರಚಾಚಿ ಕೈಗಳಂತೆ ಬಿಟ್ಟು, ಅವುಗಳ ಮೇಲೆ ಈ ಮಾಡನ್ನು ಕೂರಿಸುತ್ತಾರೆ. ಬುಡದ ದಿಮ್ಮಿಗಳಿಗೆ ಮಳೆ ಹಿಮ ತಾಗದಿರಲಿ ಎಂಬುದು ಅದರ ಉದ್ದೇಶ. ಜನ ಹೆಚ್ಚಾದ ಹಬ್ಬದ ದಿನ ಒಳಗೆ ಜಾಗ ಸಿಗದವರು ನಿಲ್ಲುವುದೂ ಅದರ ಕೆಳಗೇ. ಮಾಡಿಗೆಲ್ಲ ಸೀಳಿದ ಮರದ ತೆಳು ಹಲಗೆಗಳನ್ನು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಹೊದಿಸಿರುತ್ತಾರೆ. ಈ ಹೊದಿಕೆಯ ಆಯುಷ್ಯ ಮನುಷ್ಯನ ಒಂದು ತಲೆಮಾರಿನಷ್ಟು. ತಂದೆ ಹೊದಿಸಿದ್ದನ್ನು ಮಗ ಕಿತ್ತು ಹೊಸದು ಹೊದಿಸಬೇಕು. ಬುಡದ ತೊಲೆ ಕೊಳೆತರೆ ಇಡೀ ಕಟ್ಟಡವನ್ನು ಮೀಟಿ ಎತ್ತಿ, ಅದೊಂದನ್ನು ತೆಗೆದು ಬೇರೊಂದನ್ನು ತೂರಿಸಬೇಕು. ಪೊತೆಲಿಚ್‌ನ ಚರ್ಚೂ 18ನೇ ಶತಮಾನದಲ್ಲಿ ಇಂಥ ರಿಪೇರಿಗಳನ್ನು ಕಂಡಿದೆ. ಹಾಗಾದರೆ 1502ರ ಚರ್ಚು ಎಂದು ನಾವು ಕರೆಯುವುದು ಯಾವುದನ್ನು? ಅದರ ಎಲ್ಲ ಮರವೂ 1502ರದಲ್ಲ. 1502ರಿಂದ ಕಡಿಯದೆ ಬಂದಿರುವುದು ಆ ಕಚ್ಚನ್ನು ಕೊರೆಯುವ ತಿಳಿವಳಿಕೆ ಮತ್ತು ಅದನ್ನು ಕೊರೆಯಲೇಬೇಕೆಂಬ ಊರಿನ ಹಟ.

3

ಹೊರಗಿನಿಂದ ಕಪ್ಪಾಗಿ, ಹವೆಗೆ ಬೂದಿಯಾಗಿ ಕಾಣುವ ಈ ಪೆಟ್ಟಿಗೆಯ ಒಳಗೆ ಕಾಲಿಟ್ಟರೆ ಬಣ್ಣ. ಪೊತೆಲಿಚ್‌ನ ಗೋಡೆಗಳ ಮೇಲಿನ ಚಿತ್ರಗಳು 17ನೇ ಶತಮಾನದ ಮೊದಲ ಭಾಗದವು. ಮರದ ಗೋಡೆಗೆ ಚಿತ್ರ ಬರೆಯುವುದು ಸುಲಭದ ಕೆಲಸವಲ್ಲ. ಮರ ಚಳಿಗೆ ಕುಗ್ಗುತ್ತದೆ, ಸೆಕೆಗೆ ಹಿಗ್ಗುತ್ತದೆ. ದಿಮ್ಮಿ ದಿಮ್ಮಿಗಳ ನಡುವೆ ಸಂದು ಬಿಡುತ್ತದೆ. ಆದ್ದರಿಂದ ಸಂದುಗಳ ಮೇಲೆ ಬಟ್ಟೆಯ ಪಟ್ಟಿಗಳನ್ನು ಅಂಟಿಸಿ, ಅದರ ಮೇಲೆ ತೆಳುವಾದ ಲೇಪ ಕೊಟ್ಟು, ಬಳಿಕ ಬಣ್ಣ ಹಾಕುವ ರೂಢಿ ಈ ಪ್ರದೇಶದಲ್ಲಿತ್ತು. ಕ್ರಿಸ್ತನ ಯಾತನೆಯ ಪ್ರಸಂಗಗಳು ಚೌಕಚೌಕವಾಗಿ ಗೋಡೆಯುದ್ದಕ್ಕೂ ಸಾಗುತ್ತವೆ. ಓದಲು ಬಾರದ ಜನಕ್ಕೆ ಇದು ಕಥೆ. ನಮ್ಮಲ್ಲಿ ಗುಡಿಯ ಗೋಡೆಯ ಪಟ್ಟಿಕೆಗಳಲ್ಲಿ ರಾಮಾಯಣ ಸಾಗುವಂತೆ.

ನಡುಕೋಣೆಗೂ ಗರ್ಭಗುಡಿಗೂ ನಡುವೆ ಇರುವುದು ಐಕನೋಸ್ಟಾಸಿಸ್; ಎಂದರೆ ಸಂತರ ಚಿತ್ರಫಲಕಗಳನ್ನು ಸಾಲುಸಾಲಾಗಿ ಜೋಡಿಸಿದ ಮರದ ತೆರೆ. ಪೂರ್ವದೇಶೀಯ ಕ್ರೈಸ್ತರ ಚರ್ಚಿಗೆ ಇದೇ ಮುಖ. ನಡುವೆ ಜೋಡಿ ಬಾಗಿಲು. ಅದರ ಮೂಲಕ ಹೋಗಿಬರುವ ಅಧಿಕಾರ ಪಾದ್ರಿಗೆ. ಬಾಗಿಲಿನ ಬಲಕ್ಕೆ ಕ್ರಿಸ್ತ, ಎಡಕ್ಕೆ ಶಿಶುವನ್ನೆತ್ತಿಕೊಂಡ ಮೇರಿ. ಅವರ ಸಾಲಿನಲ್ಲೇ ಆ ಚರ್ಚು ಯಾವ ಸಂತನ ಅಥವಾ ಯಾವ ಹಬ್ಬದ ಹೆಸರಿನದೋ ಅದರ ಫಲಕ. ಅದರ ಮೇಲೆ ವರ್ಷದ ಹಬ್ಬಗಳ ಸಾಲು, ಅದರ ಮೇಲೆ ಕ್ರಿಸ್ತನ ಎರಡೂ ಬದಿಗೆ ನಿಂತ ಅಪೊಸ್ತಲರು, ಅದಕ್ಕೂ ಮೇಲೆ ಪ್ರವಾದಿಗಳು, ತುತ್ತತುದಿಯಲ್ಲಿ ಶಿಲುಬೆ. ಮುಚ್ಚುವುದಕ್ಕೆಂದು ಇಟ್ಟ ತೆರೆಯೇ ತೋರಿಸುವ ಸಾಧನವಾದದ್ದು ಇದರ ಸ್ವಾರಸ್ಯ.

ಪೊತೆಲಿಚ್‌ಗೆ ದೂರವಲ್ಲದ ಝೊವ್ಕ್ವಾ ಎಂಬ ಪಟ್ಟಣದಲ್ಲಿ 17ನೇ ಶತಮಾನದ ಉತ್ತರಾರ್ಧದಲ್ಲಿ ಇವಾನ್ ರುತ್ಕೊವಿಚ್ ಎಂಬ ಚಿತ್ರಕಾರನಿದ್ದ. 1680ರ ದಶಕದಲ್ಲಿ ಆತ ಪೊತೆಲಿಚ್‌ಗೂ ಫಲಕಗಳನ್ನು ಬರೆದ. ಪಶ್ಚಿಮ ಯೂರೋಪಿನ ಅಚ್ಚಿನ ಚಿತ್ರಗಳನ್ನು ನೋಡಿ ಕಲಿತವನಾದ್ದರಿಂದ ಅವನ ಸಂತರಿಗೆ ಮೈತುಂಬಿಕೊಂಡ ದೇಹವಿದೆ, ಬಟ್ಟೆಗೆ ಮಡಿಕೆಯಿದೆ, ಮುಖದಲ್ಲಿ ನೆರೆಮನೆಯವರ ಚಹರೆಯಿದೆ. ಅವನ ಮೇರುಕೃತಿಯಾದ, 1697–99ರ ಐಕನೋಸ್ಟಾಸಿಸ್ ಝೊವ್ಕ್ವಾದ ಚರ್ಚಿಗೆಂದು ಆದದ್ದು, ಮುಂದೆ ನೋವಾ ಸ್ಕ್ವರ್ಯಾವಾ ಎಂಬ ಹಳ್ಳಿಗೆ ಹೋಗಿ, ಕೊನೆಗೆ ಲ್ವಿವ್‌ನ ವಸ್ತುಸಂಗ್ರಹಾಲಯವನ್ನು ಸೇರಿತು. ಹಳ್ಳಿಯ ಕಲೆ ಎಂದರೆ ಹೊರಗಿನ ಗಾಳಿ ಸೋಕದ, ಶುದ್ಧವಾದ, ಕಾಲಾತೀತವಾದ ಏನೋ ಒಂದು ಎಂಬ ನಗರದ ವಿದ್ಯಾವಂತರ ಭ್ರಮೆಗೆ ರುತ್ಕೊವಿಚ್ ಒಳ್ಳೆಯ ಉತ್ತರ. ಕುಂಬಾರರ ಚರ್ಚಿಗೆ ಅಂದಿನ ಹೊಸ ಶೈಲಿಯೇ ಬೇಕಾಗಿತ್ತು, ಅದನ್ನೇ ಅವರು ತರಿಸಿಕೊಂಡರು.

ಈ ಕಲೆ ನಿಷ್ಪಾಪಿಯೂ ಅಲ್ಲ. ಕಾರ್ಪೇಥಿಯನ್ ಸೀಮೆಯ ಹಳ್ಳಿಚರ್ಚುಗಳಲ್ಲಿ ‘ಕಡೆಯ ತೀರ್ಪಿನ’ ದೊಡ್ಡ ಫಲಕಗಳು ಹೆಸರುವಾಸಿ. ನರಕದಲ್ಲಿ ಯಾರುಯಾರಿಗೆ ಜಾಗವೆಂಬುದನ್ನು ಊರಿನವರು ತಮ್ಮ ಅನುಭವದಿಂದಲೇ ನಿರ್ಧರಿಸಿದ್ದರು. ಕಳ್ಳ ಅಳತೆಯ ಹೆಂಡದಂಗಡಿಯವಳು, ಹಿಟ್ಟು ಕದಿಯುವ ಗಿರಣಿಯವನು ಅಲ್ಲಿದ್ದಾರೆ. ನೋಡಿದವರಿಗೆ ನಗು ಬರುತ್ತದೆ. ಆದರೆ ಅದೇ ಫಲಕದಲ್ಲಿ ಮೋಶೆಯ ಹಿಂದೆ ತೀರ್ಪಿಗೆ ನಡೆದುಬರುವ ಯೆಹೂದ್ಯರು, ತುರ್ಕರು, ತಾತಾರರು ಗುಂಪುಗುಂಪಾಗಿ ನಿಂತಿದ್ದಾರೆ. ಇವರು ನಮ್ಮವರು, ಅವರು ಅನ್ಯರು ಎಂಬ ಪಾಠವನ್ನೂ ಈ ಗೋಡೆಗಳು ಕಲಿಸುತ್ತಿದ್ದವು. ಇದೇ ಸೀಮೆಯ ಪಟ್ಟಣಗಳಲ್ಲಿ ನೆರೆಹೊರೆಯಾಗಿ ಬಾಳಿದ್ದ ಯೆಹೂದ್ಯರನ್ನು 1941ರಿಂದ 1943ರ ಅವಧಿಯಲ್ಲಿ ನಾಜಿಗಳು ನಿರ್ನಾಮ ಮಾಡಿದರು. ಫಲಕಗಳಿಂದ ಕೊಲೆಗೆ ನೇರವಾದ ಗೆರೆ ಎಳೆಯುವುದು ಅತಿಸರಳವಾದೀತು. ಆದರೆ ಪರಂಪರೆಯನ್ನು ಉಳಿಸುವುದೆಂದರೆ ಅದರ ಕೇಡನ್ನೂ ಓದಲು ಕಲಿಯುವುದು ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ.

4

2013ರಲ್ಲಿ ಯುನೆಸ್ಕೊ ಸಂಸ್ಥೆ ಕಾರ್ಪೇಥಿಯನ್ ಪ್ರದೇಶದ ಹದಿನಾರು ಮರದ ಚರ್ಚುಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಎಂಟು ಉಕ್ರೇನಿನವು, ಎಂಟು ಪೋಲೆಂಡಿನವು. ಉಕ್ರೇನಿನ ಎಂಟರಲ್ಲಿ ಪೊತೆಲಿಚ್ ಒಂದು. ಒಂದೇ ಪಟ್ಟಿಯಲ್ಲಿರುವ ಈ ಚರ್ಚುಗಳ ಪಾಡು ಮಾತ್ರ ಒಂದೇ ಅಲ್ಲ.

ಪೊತೆಲಿಚ್‌ಗೆ ಹೆಚ್ಚು ದೂರವಲ್ಲದ, ಆದರೆ ಈಗ ಗಡಿಯ ಆಚೆಗಿರುವ ರಾದ್ರುಜ್ ಎಂಬ ಹಳ್ಳಿಯನ್ನು ತೆಗೆದುಕೊಳ್ಳಿ. ಅಲ್ಲಿನ ಸಂತೆ ಪರಸ್ಕೇವಾಳ ಚರ್ಚು 16ನೇ ಶತಮಾನದ್ದು. ಕಲ್ಲಿನ ಪ್ರಾಕಾರ, ಗಂಟೆಗೋಪುರ, ಸ್ಮಶಾನ ಎಲ್ಲವೂ ಇವೆ. ಇಲ್ಲದಿರುವುದು ಅದರ ಜನ. ಎರಡನೆಯ ಮಹಾಯುದ್ಧದ ಬಳಿಕ ಗಡಿಗೆರೆ ಬದಲಾದಾಗ, 1944ರಿಂದ 1946ರವರೆಗೆ ಪೋಲೆಂಡಿನ ಪಾಲಿಗೆ ಬಂದ ನೆಲದಿಂದ ಲಕ್ಷಾಂತರ ಉಕ್ರೇನಿಯನ್ನರನ್ನು ಸೋವಿಯತ್ ಕಡೆಗೆ ಸಾಗಿಸಲಾಯಿತು. ಉಳಿದವರಲ್ಲಿ ಸುಮಾರು 1,40,000 ಮಂದಿಯನ್ನು 1947ರ ‘ವಿಸ್ತುಲಾ ಕಾರ್ಯಾಚರಣೆ’ಯಲ್ಲಿ ಪೋಲೆಂಡಿನ ಪಶ್ಚಿಮ ಮತ್ತು ಉತ್ತರದ ಜಿಲ್ಲೆಗಳಿಗೆ ಚದುರಿಸಲಾಯಿತು. ರಾದ್ರುಜ್‌ನ ಚರ್ಚು ಇಂದು ವಸ್ತುಸಂಗ್ರಹಾಲಯದ ಉಸ್ತುವಾರಿಯಲ್ಲಿ ಅಚ್ಚುಕಟ್ಟಾಗಿದೆ. ಅಚ್ಚುಕಟ್ಟಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕಟ್ಟಡ ಉಳಿದು, ಅದನ್ನು ತಮ್ಮದೆಂದವರು ಗೈರುಹಾಜರಾದಾಗ ಉಳಿದದ್ದು ಏನು ಎಂಬ ಪ್ರಶ್ನೆಯನ್ನು ಅದು ಕೇಳುತ್ತಲೇ ಇದೆ.

ಲ್ವಿವ್‌ನ ದಕ್ಷಿಣಕ್ಕಿರುವ ದ್ರೊಹೊಬಿಚ್ ಪಟ್ಟಣದ ಕಥೆ ಬೇರೆ. ದ್ರೊಹೊಬಿಚ್ ಉಪ್ಪಿನ ಊರು. ಅಲ್ಲಿನ ಸಂತ ಜಾರ್ಜನ ಚರ್ಚನ್ನು 17ನೇ ಶತಮಾನದ ನಡುವೆ ಊರಿನವರು ನಾದಿಯಿವ್ ಎಂಬ ಹಳ್ಳಿಯಿಂದ ಉಪ್ಪು ಕೊಟ್ಟು ಕೊಂಡುತಂದರಂತೆ! ದಿಮ್ಮಿಗಳನ್ನು ಬಿಚ್ಚಿ, ಬಂಡಿಗಳಲ್ಲಿ ಹೇರಿ ತಂದು, ಮತ್ತೆ ಜೋಡಿಸಿ, ಒಳಗೆಲ್ಲ ಚಿತ್ರ ಬರೆಸಿದರು. ಸ್ಥಾವರ, ಜಂಗಮ ಎಂಬ ಪದಜೋಡಿಯನ್ನು ಹನ್ನೆರಡನೆಯ ಶತಮಾನದಿಂದ ಬಳಸುತ್ತ ಬಂದ ನಮಗೆ ಇದು ಯೋಚನೆಗೆ ಹಚ್ಚುವ ಸಂಗತಿ. ಸ್ಥಾವರವೆಂದು ನಾವು ತಿಳಿದದ್ದು ಇಲ್ಲಿ ಬಂಡಿ ಹತ್ತಿ ಹೊರಟಿದೆ. ಹೀಗೆ ಚಲಿಸಬಲ್ಲ ಗುಣದಿಂದಲೇ ಅನೇಕ ಚರ್ಚುಗಳು ಬದುಕಿಕೊಂಡವು. ಕ್ರಿವ್ಕಾ ಎಂಬ ಬೆಟ್ಟದೂರಿನ 1763ರ ಚರ್ಚನ್ನು 1930ರಲ್ಲಿ ಲ್ವಿವ್‌ಗೆ ಸಾಗಿಸಿ ಉಳಿಸಿಕೊಂಡರು. ದ್ರೊಹೊಬಿಚ್‌ನ ಚರ್ಚು ಇಂದು ವಸ್ತುಸಂಗ್ರಹಾಲಯದ ಭಾಗ.

ವಸ್ತುಸಂಗ್ರಹಾಲಯವನ್ನು ಹಳಿಯುವುದು ಸುಲಭ. ಆದರೆ ಅದು ಕೃತಘ್ನತೆಯಾದೀತು. ಗ್ರೀಕ್ ಕ್ಯಾಥೊಲಿಕ್ ಸಭೆಯ ಧರ್ಮಗುರು ಆಂದ್ರೇ ಶೆಪ್ತಿತ್ಸ್ಕಿ 1905ರಲ್ಲಿ ಲ್ವಿವ್‌ನಲ್ಲಿ ಸಂಗ್ರಹಾಲಯವೊಂದನ್ನು ಸ್ಥಾಪಿಸದೆ ಇದ್ದಿದ್ದರೆ ಹಳ್ಳಿಯ ಅಟ್ಟಗಳಲ್ಲಿ ಬಿದ್ದಿದ್ದ ಎಷ್ಟೋ ಹಳೆಯ ಫಲಕಗಳು ಒಲೆ ಸೇರುತ್ತಿದ್ದವು. 2022ರ ಮಾರ್ಚಿಯಲ್ಲಿ ಅದೇ ಸಂಗ್ರಹಾಲಯದ ನೌಕರರು, ಯೋವ್ ಕೊಂಜೆಲೆವಿಚ್ ಎಂಬಾತ 1698–1705ರಲ್ಲಿ ಬರೆದ ಬೊಹೊರೊದ್ಚಾನಿಯ ಬೃಹತ್ ಐಕನೋಸ್ಟಾಸಿಸನ್ನು ಫಲಕಫಲಕವಾಗಿ ಬಿಚ್ಚಿ ಸುರಕ್ಷಿತ ಸ್ಥಳಕ್ಕೆ ಸಾಗಿಸುತ್ತಿದ್ದ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದವು. ಮಾನ್ಯಾವಾ ಎಂಬ ಮಠಕ್ಕಾಗಿ ಆದ ಆ ತೆರೆ, 1785ರಲ್ಲಿ ಮಠ ಮುಚ್ಚಿದಾಗ ಬೊಹೊರೊದ್ಚಾನಿಗೆ ಬಂದು, ಅಲ್ಲಿಂದ ಮುಂದೆ ಲ್ವಿವ್ ಸೇರಿದ್ದು. ಅದು ಮತ್ತೊಮ್ಮೆ ಪ್ರಯಾಣ ಹೊರಟಿತು. ಬಿಚ್ಚುವುದನ್ನೂ ಜೋಡಿಸುವುದನ್ನೂ ಬಲ್ಲ ಕೈಗಳಿದ್ದುದರಿಂದ ಅದು ಸಾಧ್ಯವಾಯಿತು.

5

ಈಗ ನನ್ನನ್ನು ಹೆಚ್ಚು ಕಾಡುವ ಸಂಗತಿಗೆ ಬರುತ್ತೇನೆ. ಶೆಲ್ಲಿಗೆ ಸಿಕ್ಕಿ ನಾಶವಾದ ಚರ್ಚುಗಳ ಸುದ್ದಿ ಲೋಕಕ್ಕೆಲ್ಲ ತಿಳಿಯುತ್ತದೆ. ಭಕ್ತಿಗೆ ಸಿಕ್ಕಿ ನಾಶವಾಗುವವುಗಳ ಸುದ್ದಿ ತಿಳಿಯುವುದಿಲ್ಲ. ಉಕ್ರೇನ್ ಸ್ವತಂತ್ರವಾದ 1991ರ ನಂತರದ ದಶಕಗಳಲ್ಲಿ ಪಶ್ಚಿಮದ ಹಳ್ಳಿಗಳಲ್ಲಿ ಒಂದು ರೂಢಿ ಹಬ್ಬಿತು. ಮರದ ಹೊದಿಕೆಯನ್ನು ಕಿತ್ತು ಹೊಳೆಯುವ ಲೋಹದ ತಗಡು ಹೊದಿಸುವುದು. ಗುಮ್ಮಟಗಳಿಗೆ ಚಿನ್ನದ ಬಣ್ಣದ ಉಕ್ಕಿನ ಹಾಳೆ. ಗೋಡೆಗಳಿಗೆ ಪ್ಲಾಸ್ಟಿಕ್ ಪಟ್ಟಿ. ಹಳೆಯ ಚಿತ್ರಗಳ ಮೇಲೆ ಹೊಸ ಬಣ್ಣ. ಇನ್ನೂ ಕೆಲವೆಡೆ ಪಕ್ಕದಲ್ಲೇ ಇಟ್ಟಿಗೆಯ ದೊಡ್ಡ ಚರ್ಚು ಎದ್ದಿತು, ಹಳೆಯದು ಸೋರುತ್ತ ನಿಂತಿತು. ದೂರದಿಂದ ನೋಡಿದರೆ ಬಿಸಿಲಿಗೆ ಝಗಝಗಿಸುವ ಸಮೋವಾರ್! ತಗಡಿನ ಅಡಿಯಲ್ಲಿ ಮರ ಉಸಿರಾಡಲಾರದು. ಒಳಗೆ ಸೇರಿದ ತೇವ ಹೊರಗೆ ಹೋಗಲಾರದು. ಹೊರಗೆ ಥಳಕು, ಒಳಗೆ ಕೊಳೆತ.

ಇದನ್ನು ಕಂಡ ನಗರದ ಕಲಾಪ್ರೇಮಿಗಳು ಹಳ್ಳಿಗರ ಅಭಿರುಚಿಹೀನತೆಯನ್ನು ಆಡಿಕೊಳ್ಳುತ್ತಾರೆ. ನಾನು ಅವರ ಸಾಲಿಗೆ ಸೇರಲಾರೆ. ಆ ತಗಡಿಗೆ ಹಣ ಬಂದದ್ದು ಎಷ್ಟೋ ಸಲ ಇಟಲಿಯಲ್ಲೋ ಪೋಲೆಂಡಿನಲ್ಲೋ ಮನೆಗೆಲಸ, ಗಾರೆಕೆಲಸ ಮಾಡುವ ಊರಿನ ಮಕ್ಕಳಿಂದ. ದೂರದಲ್ಲಿ ದುಡಿಯುವವರು ಊರಿನ ದೇವರಿಗೆ ತಮ್ಮಲ್ಲಿದ್ದ ಅತ್ಯುತ್ತಮವಾದದ್ದನ್ನು ಕೊಡುತ್ತಾರೆ. 1502ರ ಕುಂಬಾರರು ಮಾಡಿದ್ದೂ ಅದನ್ನೇ. ರುತ್ಕೊವಿಚ್‌ನಿಂದ ಹೊಸ ಶೈಲಿಯ ಫಲಕ ಬರೆಸಿದ್ದೂ ಅದೇ ಭಾವದಿಂದ. ಹೊಸದನ್ನು ಬಯಸುವುದು ಪರಂಪರೆಗೆ ವಿರುದ್ಧವಲ್ಲ. ಹಾಗಾದರೆ ಅಂದಿನ ಹೊಸದು ಚರ್ಚನ್ನು ಬೆಳೆಸಿತು, ಇಂದಿನ ಹೊಸದು ಕೊಲ್ಲುತ್ತಿದೆ, ಏಕೆ?

ನನ್ನ ಉತ್ತರ ಇದು: ಭಕ್ತಿ ಉಳಿಯಿತು, ಕಸುಬು ಕಡಿದುಹೋಯಿತು. ಈ ಕಡಿತಕ್ಕೆ ತಾರೀಖಿದೆ. 1946ರಲ್ಲಿ ಸೋವಿಯತ್ ಪ್ರಭುತ್ವ ಲ್ವಿವ್‌ನಲ್ಲಿ ಒಂದು ಸಭೆಯ ನಾಟಕ ನಡೆಸಿ ಗ್ರೀಕ್ ಕ್ಯಾಥೊಲಿಕ್ ಸಭೆಯನ್ನು ವಿಸರ್ಜಿಸಿತು. ಪೂರ್ವದ ಪೂಜಾವಿಧಾನವನ್ನು ಉಳಿಸಿಕೊಂಡೇ ಪೋಪನನ್ನು ಒಪ್ಪಿದ್ದ ಈ ಸಭೆ, 1596ರ ಬ್ರೆಸ್ತ್ ಒಪ್ಪಂದದಿಂದ ಹುಟ್ಟಿದ್ದು. ಅದರ ಚರ್ಚುಗಳಲ್ಲಿ ಹಲವು ಆರ್ಥೊಡಾಕ್ಸ್ ಸಭೆಗೆ ಹೋದವು, ಹಲವಕ್ಕೆ ಬೀಗ ಬಿತ್ತು, ಕೆಲವು ಗೋದಾಮುಗಳಾದವು. ಪಾದ್ರಿಗಳು ಸೆರೆಮನೆಗೋ ಸೈಬೀರಿಯಾಕ್ಕೋ ಹೋದರು. 1989ರ ಕೊನೆಯವರೆಗೆ ಆ ಸಭೆ ಭೂಗತವಾಗಿಯೇ ಬದುಕಿತು. ನಂಬಿಕೆಯನ್ನು ಅಡಿಗೆಮನೆಯಲ್ಲಿ, ಕಾಡಿನಲ್ಲಿ, ರಾತ್ರಿಯ ಹೊತ್ತು ಉಳಿಸಿಕೊಳ್ಳಬಹುದು. ಮಾಡಿನ ಹೊದಿಕೆಯನ್ನು ಗುಟ್ಟಾಗಿ ಬದಲಿಸಲಾಗದು! ನಲವತ್ತು ವರ್ಷಗಳೆಂದರೆ ಮರದ ಹೊದಿಕೆಯ ಒಂದು ಆಯುಷ್ಯ. ತಂದೆ ಮಗನಿಗೆ ಹಲಗೆ ಸೀಳುವುದನ್ನು ಕಲಿಸಬೇಕಾಗಿದ್ದ ಆ ಒಂದೇ ಒಂದು ಸರದಿ ತಪ್ಪಿಹೋಯಿತು.

ಅದೇ ಪ್ರಭುತ್ವ 1970ರ ದಶಕದ ಆರಂಭದಲ್ಲಿ ಪೊತೆಲಿಚ್‌ನ ಚರ್ಚನ್ನು ಜೀರ್ಣೋದ್ಧಾರ ಮಾಡಿತೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಆ ಕೆಲಸ ಮಾಡಿದ ತಜ್ಞರು ನಿಷ್ಠಾವಂತರು. ಅವರಿಲ್ಲದಿದ್ದರೆ ಗೋಡೆಚಿತ್ರಗಳು ಇಂದು ಇರುತ್ತಿರಲಿಲ್ಲ. ಆದರೆ ಅಲ್ಲಿಂದ ಮುಂದೆ ಚರ್ಚು ತಜ್ಞರ ವಿಷಯವಾಯಿತು. ಊರಿನವನಿಗೆ ಅದು ‘ಸ್ಮಾರಕ’, ಮುಟ್ಟಿದರೆ ದಂಡ. ನೂರಾರು ವರ್ಷ ತಾನೇ ರಿಪೇರಿ ಮಾಡಿಕೊಂಡು ಬಂದ ಮನೆಯಲ್ಲಿ ಅವನು ಅತಿಥಿಯಾದ. 1991ರ ನಂತರ ಕೀಲಿಕೈ ಮರಳಿ ಸಿಕ್ಕಾಗ ಅವನ ಕೈಯಲ್ಲಿ ಶ್ರದ್ಧೆಯಿತ್ತು, ಹಣವೂ ಸ್ವಲ್ಪ ಇತ್ತು, ಉಳಿಯ ಹಿಡಿತವಿರಲಿಲ್ಲ. ಅಂಗಡಿಯಲ್ಲಿ ತಗಡು ಇತ್ತು.

ಇಲ್ಲಿ ನಮ್ಮ ಕಡೆಗೂ ಒಮ್ಮೆ ತಿರುಗಿ ನೋಡದಿದ್ದರೆ ಅಪ್ರಾಮಾಣಿಕತೆಯಾದೀತು. ಊರಿನ ಗುಡಿಯ ಬ್ರಹ್ಮಕಲಶಕ್ಕೆ ಮುಂಬಯಿಯಿಂದ ಹಣ ಕಳುಹಿಸುವ ನಾವು, ಹಳೆಯ ಮರದ ಮಾಡನ್ನು ಕಿತ್ತು ಕಾಂಕ್ರೀಟು ಸುರಿದದ್ದನ್ನು, ಕಲ್ಲಿನ ಕಂಬಕ್ಕೆ ಎಣ್ಣೆಬಣ್ಣ ಬಳಿದದ್ದನ್ನು ಆಮಂತ್ರಣ ಪತ್ರಿಕೆಯಲ್ಲಿ ‘ಜೀರ್ಣೋದ್ಧಾರ’ವೆಂದು ಓದಿ ಧನ್ಯರಾಗಿದ್ದೇವೆ. ಇಟಲಿಯಲ್ಲಿ ದುಡಿಯುವ ಆ ಉಕ್ರೇನಿನ ಹೆಣ್ಣುಮಗಳನ್ನು ನಗುವ ಹಕ್ಕು ನಮಗಿಲ್ಲ.

6

ಗೆಳೆಯರ ಪ್ರಶ್ನೆಗೆ ಮರಳುತ್ತೇನೆ. ಮರಕ್ಕಾಗಿ ಮರುಗುವುದು ವಿಲಾಸವೇ?

ಜಾವೊರಿಚಿಯಲ್ಲಿ ಉರಿದದ್ದು ಬರೀ ಮರವಾಗಿದ್ದರೆ ಮರುಗಬೇಕಾಗಿರಲಿಲ್ಲ. ಮರದ ಚರ್ಚು ಸುಡುವುದು, ಮತ್ತೆ ಏಳುವುದು ಆ ನಾಡಿಗೆ ಹೊಸದಲ್ಲ; ಪೊತೆಲಿಚ್‌ನದೇ ಒಂದು ಬೂದಿಯ ಮೇಲೆ ಎದ್ದದ್ದೆಂದು ಪ್ರತೀತಿ ಹೇಳುವುದನ್ನು ಕಂಡಿದ್ದೇವೆ. ಹಾಗೆ ಏಳಲು ಬೇಕಾದದ್ದು ಮೂರು: ಕಾಡು, ಕಸುಬು, ಅದನ್ನು ತಮ್ಮದೆನ್ನುವ ಊರು. ಯುದ್ಧ ಮೂರನ್ನೂ ಒಟ್ಟಿಗೆ ತಿನ್ನುತ್ತದೆ. ಊರಿನ ಹೆಂಗಸರು ಮಕ್ಕಳು ಗಡಿ ದಾಟುತ್ತಾರೆ; ಉಳಿ ಹಿಡಿಯಬಲ್ಲ ವಯಸ್ಸಿನ ಗಂಡಸರು ಬಂದೂಕು ಹಿಡಿದು ಹೋಗುತ್ತಾರೆ, ಹಲವರು ಮರಳುವುದಿಲ್ಲ. ಮರಕ್ಕಾಗಿ ಮರುಗುವುದೂ ಮನುಷ್ಯನಿಗಾಗಿ ಮರುಗುವುದೂ ಬೇರೆಯಲ್ಲ ಎಂದು ನಾನು ಹೇಳುತ್ತಿರುವುದು ಈ ಅರ್ಥದಲ್ಲಿ. ಒಬ್ಬ ಬಡಗಿ ಸತ್ತರೆ ಅವನು ಮುಂದಿನ ಮೂವತ್ತು ವರ್ಷಗಳಲ್ಲಿ ಹೊದಿಸಬೇಕಾಗಿದ್ದ ಮಾಡುಗಳೂ ಅವನೊಡನೆ ಹೋಗುತ್ತವೆ.

ಆದ್ದರಿಂದ ಯುದ್ಧಾನಂತರದ ಪುನರ್ನಿರ್ಮಾಣದ ಮಾತಾಡುವ ಅಂತಾರಾಷ್ಟ್ರೀಯ ಸಂಸ್ಥೆಗಳ ಬಗ್ಗೆ ನನಗೊಂದು ಅಂಜಿಕೆಯಿದೆ. ಹಣ ಬರುತ್ತದೆ, ಹಣದೊಂದಿಗೆ ಗುತ್ತಿಗೆದಾರರು ಬರುತ್ತಾರೆ, ಒಂದು ಬೇಸಗೆಯಲ್ಲಿ ಚರ್ಚು ಎದ್ದು ನಿಲ್ಲುತ್ತದೆ. ಮೂವತ್ತು ವರ್ಷದ ನಂತರ ಅದರ ಮಾಡು ಸೋರಿದಾಗ ಯಾರನ್ನು ಕರೆಯಬೇಕು? ನನ್ನ ದೃಷ್ಟಿಯಲ್ಲಿ ಮೊದಲ ಹಣ ಹೋಗಬೇಕಾದದ್ದು ಕಟ್ಟಡಕ್ಕಲ್ಲ, ಕಲಿಕೆಗೆ. ಪ್ರತಿ ಸೀಮೆಯಲ್ಲೂ ಹಲಗೆ ಸೀಳುವ, ಕಚ್ಚು ಕೊರೆಯುವ, ಬುಡದ ತೊಲೆ ಬದಲಿಸುವ ಹತ್ತಾರು ಎಳೆಯರಿಗೆ ಸಂಬಳ ಕೊಟ್ಟು ಕಸುಬು ಕಲಿಸಲಿ. ಚರ್ಚನ್ನು ಪಟ್ಟಿಯಲ್ಲಿ ಸೇರಿಸಿದ ಸರ್ಕಾರ ಊರಿನವರಿಗೆ ಏನು ಮಾಡಬಾರದೆಂದಷ್ಟೇ ಅಲ್ಲ, ಏನು ಮಾಡಬಹುದೆಂದೂ ಹೇಳಲಿ. ತಗಡಿಗಿಂತ ಮರದ ಹೊದಿಕೆ ದುಬಾರಿಯಾದರೆ ಆ ವ್ಯತ್ಯಾಸದ ಹಣವನ್ನು ತಾನು ಭರಿಸಲಿ. ಪೂಜೆಗೂ ಸಂರಕ್ಷಣೆಗೂ ಜಗಳವಾದಾಗ ತಜ್ಞ ತನ್ನ ಮಾತನ್ನು ಊರಿನ ಸಭೆಯಲ್ಲಿ ನಿಂತು, ಊರಿನ ಭಾಷೆಯಲ್ಲಿ ಹೇಳುವ ತೊಂದರೆ ತೆಗೆದುಕೊಳ್ಳಲಿ.

ಇದಕ್ಕೆ ಆಕ್ಷೇಪಣೆಗಳಿವೆಯೆಂದು ಬಲ್ಲೆ. ಊರಿಗೆ ಎಲ್ಲವನ್ನೂ ಬಿಟ್ಟುಕೊಟ್ಟರೆ ನಾಳೆಯೇ ರುತ್ಕೊವಿಚ್‌ನ ಮೇಲೆ ಹೊಸ ಬಣ್ಣ ಬೀಳುತ್ತದೆ ಎಂದು ತಜ್ಞರು ಹೇಳುತ್ತಾರೆ. ಆ ಭಯ ಸುಳ್ಳಲ್ಲ. ಚಿತ್ರಫಲಕಗಳ ವಿಷಯದಲ್ಲಿ ನಾನೂ ಅವರ ಪಕ್ಷವೇ. ಒಮ್ಮೆ ಹೋದ ರುತ್ಕೊವಿಚ್ ಮತ್ತೆ ಬರುವುದಿಲ್ಲ, ಬಡಗಿಯ ಕಚ್ಚನ್ನು ಮತ್ತೆ ಕೊರೆಯಬಹುದು. ಚಿತ್ರವನ್ನು ಕಾಯಬೇಕು, ಕಟ್ಟಡವನ್ನು ಕಟ್ಟುತ್ತಿರಬೇಕು. ಒಂದೇ ಕಾನೂನಿನಿಂದ ಎರಡನ್ನೂ ಆಳಹೊರಟದ್ದೇ ಇಷ್ಟು ಕಾಲದ ತೊಡಕಿಗೆ ಕಾರಣವೆಂದು ನನ್ನ ನಂಬಿಕೆ.

ಈ ಮಾತುಗಳನ್ನೆಲ್ಲ ನಮ್ಮ ಹಿರಿಯ ಗೆಳೆಯರ ಮುಂದೆ ಇಟ್ಟಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ತಮ್ಮ ಊರಿನ ದೈವಸ್ಥಾನದ ಹಳೆಯ ಮಾಡನ್ನು ಇಳಿಸಿ ಸಿಮೆಂಟಿನದು ಕಟ್ಟಲು ಈ ವರ್ಷ ಚಂದಾ ಕೇಳಿ ಪತ್ರ ಬಂದಿದೆಯೆಂದೂ, ಕಳುಹಿಸುವ ಮುಂಚೆ ಅಲ್ಲಿ ಇನ್ನೂ ಆಚಾರಿಗಳು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿ ಬರೆಯುತ್ತೇನೆಂದೂ ಹೇಳಿದರು.